ನಾಳೆಗೆ ಉಳಿದ ವೇಗೋತ್ಕರ್ಷ

ನಮ್ಮ ವಿಜ್ಞಾನದ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಬೆಂದು ಮಾಯ್ದ ಚರ್ಮ ನುಣ್ಣಗೆ, ತಿಳಿಗೆಂಪಾಗಿ ಹೊಳೆಯುತ್ತಿತ್ತು. ನಾಗಮಂಗಲದ ಕಡೆಯ ಕಮ್ಮಾರ ಆಚಾರಿಗಳ ಮನೆತನ ಅವರದು. ಚಿಕ್ಕಂದಿನಲ್ಲಿ ತಂದೆಯ ಜೊತೆ ಗಾಡಿಯ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ತೊಡಿಸುವಾಗ ಬೆರಳು ಸಿಕ್ಕಿಕೊಂಡಿತ್ತಂತೆ. ಸೀಮೆಸುಣ್ಣವನ್ನು ಆ ಬೆರಳಿಗೆ ಒತ್ತಿ ಹಿಡಿದು ಬೋರ್ಡಿನ ಮೇಲೆ ಬರೆಯುತ್ತಿದ್ದರೆ, ಅದೇನು ಬೆರಳೋ ಬೇಯಿಸಿದ ಗೆಣಸೋ ಎಂದು ಹಿಂದಿನ ಬೆಂಚಿನಲ್ಲಿ ನಾವು ಮುಸಿಮುಸಿ ನಗುತ್ತಿದ್ದೆವು. ಅವರಿಗೆ ಕೇಳಿಸುತ್ತಿತ್ತು. ತಿರುಗಿ ನೋಡದೆಯೇ ಹೇಳುತ್ತಿದ್ದರು: "ನಗ್ರಲಾ, ನಗ್ರಿ. ಉಗುರು ನೆಟ್ಟಗಿರೋದ್ ಬುಟ್ರೆ ನಿಮ್ದು ಇನ್ನೇನೈತೆ ಸಾಧನೆ?"

ಈಗ ನಾನು ಬಸ್ಸು ಓಡಿಸುತ್ತೇನೆ. ಕೆ.ಆರ್. ಪೇಟೆಯಿಂದ ಪಾಂಡವಪುರ, ಅಲ್ಲಿಂದ ಶ್ರೀರಂಗಪಟ್ಟಣ, ಮತ್ತೆ ವಾಪಸ್ಸು. ಇಡೀ ದಿನ ನನ್ನ ಬಲಗಾಲು ಎಕ್ಸಲೇಟರಿನ ಮೇಲೆ, ಇಲ್ಲವೇ ಬ್ರೇಕಿನ ಮೇಲೆ. ಆ ಕಾಲಿಗೆ ಬುದ್ಧಿ ಕಲಿಸಿದವರು ಆ ಉಗುರಿಲ್ಲದ ಬೆರಳಿನ ಮನುಷ್ಯ. ಕಲಿಸಿದ್ದಕ್ಕೆ ನಮ್ಮ ಮನೆಯವರು ಅವರಿಗೆ ಕೊಟ್ಟಿದ್ದೇನು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮದು ಬೂಕನಕೆರೆಯ ಕಡೆಯ ಊರು. ಹೈಸ್ಕೂಲು ರಸ್ತೆಯ ಪಕ್ಕದಲ್ಲೇ ಇತ್ತು. ಸ್ಕೂಲು ದಾಟಿದರೆ ನಾಲೆಯ ಸೇತುವೆ, ಸೇತುವೆ ದಾಟಿದ ಕೂಡಲೇ ಒಂದು ತಿರುವು, ತಿರುವಿನ ಬೆನ್ನಿಗೇ ಏರು. ಕಬ್ಬು ಅರೆಯುವ ಕಾಲ ಬಂತೆಂದರೆ ಮಾಕವಳ್ಳಿಯ ಕಾರ್ಖಾನೆಗೆ ಹೋಗುವ ಟ್ರಾಕ್ಟರುಗಳು ಆ ರಸ್ತೆಯಲ್ಲಿ ಸಾಲುಗಟ್ಟುತ್ತಿದ್ದವು. ಒಂದೊಂದಕ್ಕೂ ಎರಡೆರಡು ಟ್ರೈಲರು, ಎರಡರಲ್ಲೂ ತಲೆಯೆತ್ತರ ಮೀರಿ ಕಬ್ಬು. ಸ್ಕೂಲು ಬಿಟ್ಟ ಮಕ್ಕಳು ಟ್ರೈಲರಿನ ಪಕ್ಕದಲ್ಲಿ ಓಡುತ್ತಾ, ಹೊರಚಾಚಿದ ಕಬ್ಬಿನ ತುದಿ ಹಿಡಿದು ಎಳೆಯುತ್ತಿದ್ದರು. ಬಂದರೆ ಒಂದು ಜಲ್ಲೆ, ಬರದಿದ್ದರೆ ಕೈ ತುಂಬ ತುರಿಸುವ ಸುಂಕು. ನಮ್ಮ ಕಡೆ ಹುಟ್ಟಿ ನಾನು ಟ್ರೈಲರಿನಿಂದ ಕಬ್ಬು ಎಳೆದಿಲ್ಲ ಅನ್ನುವವನು ಇದ್ದರೆ ಅವನು ಸುಳ್ಳುಗಾರ. ಡ್ರೈವರುಗಳು ಹೆಚ್ಚು ಬೈಯುತ್ತಿರಲಿಲ್ಲ, ಕಬ್ಬಿನ ಯಜಮಾನರಂತೂ ಮಕ್ಕಳು ತಿಂದರೆ ಎಷ್ಟು ತಿಂದಾರು ಎಂದು ಸುಮ್ಮನಿರುತ್ತಿದ್ದರು.

ಒಂಬತ್ತನೇ ಕ್ಲಾಸಿಗೆ ಚಲನೆಯ ಪಾಠ. ಜವ, ವೇಗ, ವೇಗೋತ್ಕರ್ಷ. ಪುಸ್ತಕದಲ್ಲಿ ಓದಿದರೆ ನಾಲಿಗೆ ತಡವರಿಸುವ ಈ ಮಾತುಗಳನ್ನು ಮೇಷ್ಟ್ರು ನಮ್ಮೂರ ರಸ್ತೆಗೆ ಇಳಿಸಿಬಿಡುತ್ತಿದ್ದರು. "ಗಂಟೆಗೆ ಎಷ್ಟು ದೂರ ಓಗ್ತೀಯ ಅನ್ನೋದು ಜವ. ಯಾವ್ ಕಡೀಕೆ ಅನ್ನೋದ್ನೂ ಸೇರುಸುದ್ರೆ ವೇಗ. ಮದುವೆ ಇರೋದು ಪಾಂಡವಪುರದಾಗೆ, ನೀನು ಅಷ್ಟೇ ಜೋರಾಗಿ ನಾಗಮಂಗಲದ ಕಡೀಕೆ ಓಡುದ್ರೆ ಜವ ಏನೋ ಅದೇ ಕಣ್ಲಾ, ಊಟ ಮಾತ್ರ ಸಿಕ್ಕಲ್ಲ!" ಎನ್ನುತ್ತಿದ್ದರು. ಕ್ಲಾಸು ಗೊಳ್ಳೆಂದು ನಗುತ್ತಿತ್ತು.

ನನ್ನ ಅಕ್ಕ ಆಗ ಒಂಬತ್ತನೇ ಕ್ಲಾಸು, ನಾನು ಎಂಟನೆಯದು. ಅಕ್ಕ ಓಟಗಾತಿ. ತಾಲ್ಲೂಕಿನ ಕ್ರೀಡಾಕೂಟದಲ್ಲಿ ಅವಳ ಹಿಂದೆ ಬಿದ್ದವರಿಗೆ ಅವಳ ಜಡೆ ಮಾತ್ರ ಕಾಣುತ್ತಿತ್ತು. ಮನೆಯಲ್ಲಿ ಅವ್ವ ಉಪ್ಪು ತಾ ಎಂದರೆ ಅಂಗಡಿಗೆ ಓಡಿಯೇ ಹೋಗುತ್ತಿದ್ದಳು. "ಇವಳ ಕಾಲಿಗೆ ನಿಲ್ಲೋ ಸೀಲವೇ ಇಲ್ಲ" ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬೈಗುಳದ ಹಾಗೆ ಹೇಳುತ್ತಿದ್ದನಾದರೂ ಮುಖದ ತುಂಬ ಹೆಮ್ಮೆ ಇರುತ್ತಿತ್ತು.

ಅಂದಿನ ಕ್ಲಾಸಿನಲ್ಲಿ ನಡೆದದ್ದನ್ನು ಅಕ್ಕನ ಪಕ್ಕ ಕೂರುತ್ತಿದ್ದ ಹುಡುಗಿ ನಂತರ ನನಗೆ ಹೇಳಿದಳು. ಎರಡು ಗಾಡಿಗಳು ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಒಂದರಿಂದ ನೋಡಿದಾಗ ಇನ್ನೊಂದು ಹೇಗೆ ಕಾಣುತ್ತದೆ ಎಂದು ಮೇಷ್ಟ್ರು ಕೇಳಿದರಂತೆ. ಅಕ್ಕ ಎದ್ದು ನಿಂತಳು. "ನಿಂತಂಗೇ ಕಾಣ್ತದೆ ಸಾ. ಕಬ್ಬಿನ ಟ್ರಾಕ್ಟರು ಪಕ್ಕ ಓಡ್ತೀವಲ್ಲ, ಅಂಗೇ. ಅದು ಓಗ್ತಾ ಇದ್ರೂ ನಮ್ಗೆ ನಿಂತಂಗೇ ಇರ್ತದೆ. ಅದುಕ್ಕೇ ಎಳ್ಕೊಳಕ್ಕಾಗೋದು." ಮೇಷ್ಟ್ರಿಗೆ ಆದ ಖುಷಿ ಅಷ್ಟಿಷ್ಟಲ್ಲ. "ಭೇಷ್ ಕಣವ್ವ! ಪುಸ್ತಕ ಬರ್ದೋರಿಗೂ ಈ ಉದಾರ್ಣೆ ಒಳೀಲಿಲ್ಲ ನೋಡು" ಎಂದು ಇಡೀ ಕ್ಲಾಸಿನಿಂದ ಚಪ್ಪಾಳೆ ಹೊಡೆಸಿದರಂತೆ. ಬೋರ್ಡಿನ ಮೇಲೆ ಎರಡು ಟ್ರೈಲರಿನ ಟ್ರಾಕ್ಟರನ್ನೂ, ಪಕ್ಕದಲ್ಲಿ ಓಡುವ ಎರಡು ಜಡೆಯ ಹುಡುಗಿಯನ್ನೂ ಬರೆದರಂತೆ. ಅಷ್ಟರಲ್ಲಿ ಬೆಲ್ಲು ಹೊಡೆಯಿತು. "ವೇಗ ಬದಲಾದ್ರೆ ಏನಾಯ್ತದೆ ಅನ್ನೋದು ನಾಳೆ. ಅದಕ್ಕೇ ವೇಗೋತ್ಕರ್ಷ ಅನ್ನೋದು" ಎಂದು ಕೈ ಒರೆಸಿಕೊಂಡು ಹೋದರು.

ಅವತ್ತು ಸಂಜೆ ಸ್ಕೂಲಿನ ಮುಂದೆ ಬಂದದ್ದು ನಮ್ಮದೇ ಗದ್ದೆಯ ಕಬ್ಬು. ಲೋಡಿನ ಜೊತೆ ಕಾರ್ಖಾನೆಗೆ ಹೊರಟಿದ್ದ ಅಪ್ಪ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ, ಡ್ರೈವರಿನ ಪಕ್ಕದಲ್ಲಿ ಕೂತಿದ್ದ. ಅಕ್ಕ ಮೊದಲ ಟ್ರೈಲರಿನ ಪಕ್ಕದಲ್ಲಿ ಓಡಿದಳು. ಸೇತುವೆ ದಾಟಿ ಏರು ಬಂತು. ಡ್ರೈವರು ಗೇರು ಬದಲಿಸಿದ. ಬದಲಿಸುವಾಗ ಟ್ರೈಲರುಗಳ ಕೊಂಡಿಗಳು ಒಂದು ಗಳಿಗೆ ಸಡಿಲವಾಗಿ, ಎಕ್ಸಲೇಟರು ಒತ್ತಿದ ಕೂಡಲೇ ಪಟಾರೆಂದು ಜಗ್ಗುತ್ತವೆ. ಇದು ಡ್ರೈವರಾದ ಮೇಲೆ ನನಗೆ ಗೊತ್ತಾದ ಸಂಗತಿ. ಅಕ್ಕ ಹಿಡಿದಿದ್ದ ಜಲ್ಲೆ ಹೊರೆಯೊಳಗೆ ಸಿಕ್ಕಿಕೊಂಡಿತ್ತು, ಕೈ ಬಿಡಲಿಲ್ಲ. ಟ್ರೈಲರು ಜಗ್ಗಿತು, ಅವಳು ಮುಗ್ಗರಿಸಿದಳು. ಹಿಂದೆ ಎರಡನೆಯ ಟ್ರೈಲರಿನ ಚಕ್ರ ಬರುತ್ತಿತ್ತು. ನಾನು ಸ್ಕೂಲಿನ ಗೇಟಿನಲ್ಲಿದ್ದೆ. ಅಪ್ಪ ಟ್ರಾಕ್ಟರಿನಿಂದ ಹಾರಿ ಬಿದ್ದು ಓಡಿದ್ದು ಕಂಡಿತು. ಮುಂದಿನದನ್ನು ಬರೆಯಲಾರೆ.

ಮೂರನೇ ದಿನ ಅಕ್ಕನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದು ನೆಂಟರೆಲ್ಲ ನಮ್ಮ ಜಗಲಿಯಲ್ಲಿ ಕೂತಿದ್ದಾಗ ಮೇಷ್ಟ್ರು ಬಂದರು. ಯಾರೂ ಕೂರಿ ಎನ್ನಲಿಲ್ಲ. ಅಂಗಳದಲ್ಲಿ ನಿಂತೇ ಅಪ್ಪನಿಗೆ ಕೈಮುಗಿದರು.

"ತಪ್ಪು ನಂದು ಗೌಡ್ರೇ. ಅವಳಿಗೆ ಅರ್ಧ ಪಾಠ ಹೇಳಿ ಕಳ್ಸುಬುಟ್ಟೆ. ಟ್ರಾಕ್ಟರು ನಿಂತಂಗೇ ಕಾಣ್ತದೆ ಅಂತ ಚಪ್ಪಾಳೆ ಹೊಡುಸ್ದೆ. ಅದರ ವೇಗ ಬದಲಾದ ಗಳಿಗೇಲಿ ಏನಾಯ್ತದೆ ಅನ್ನೋದ್ನ ನಾಳೆಗೆ ಇಟ್ಕಂಡೆ."

ಅಷ್ಟು ಹೊತ್ತೂ ಕಂಬದ ಹಾಗೆ ಕೂತಿದ್ದ ಅಪ್ಪ ಎದ್ದು ನಿಂತ. "ಓದೋಕ್ ಕಳ್ಸುದ್ರೆ ನನ್ ಮಗೀಗೆ ಸಾಯೋಕ್ ಯೋಳ್ಕೊಟ್ರಲ್ಲ ಮೇಷ್ಟ್ರೇ! ನೀವ್ ಯೋಳ್ದಂಗೇ ಮಾಡುದ್ಲು. ನನ್ ಮನೆ ಹಾಳ್ ಮಾಡ್ಬುಟ್ರಿ, ಓಗಿ!" ಎಂದು ಕೂಗಿದ. ಮೇಷ್ಟ್ರು ತಲೆ ತಗ್ಗಿಸಿಕೊಂಡು ಹೋದರು.

ಊರಿಗೆ ಇಷ್ಟು ಸಾಕಾಯಿತು. ಟೀ ಅಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ, ಟ್ರಾಕ್ಟರು ಹಿಂದೆ ಓಡಿ ಎಂದು ಹೇಳಿಕೊಟ್ಟ ಮೇಷ್ಟ್ರು ಎಂದೇ ಅವರಿಗೆ ಹೆಸರಾಯಿತು. ಕಬ್ಬು ಎಳೆಯುವುದನ್ನು ಮಕ್ಕಳಿಗೆ ಮೇಷ್ಟ್ರೇ ಬಂದು ಕಲಿಸಬೇಕಿತ್ತೇ? ಅಪ್ಪ, ತಾತ ಎಲ್ಲ ಎಳೆದವರೇ. ಆದರೂ ಹೇಳಿದ್ದು ಹಾಗೆ. ನನಗೂ ಸಿಟ್ಟಿತ್ತು ಎನ್ನಿ. ಅಪ್ಪ ಆ ವರ್ಷದಿಂದ ಕಬ್ಬು ಹಾಕುವುದನ್ನೇ ಬಿಟ್ಟ. ಭತ್ತ, ರಾಗಿ, ಎರಡು ಸೀಮೆಹಸು. ಮಗಳ ನೆನಪಿಗೆ ಹೀಗೆ ಮಾಡುತ್ತಿದ್ದಾನೆ ಎಂದು ನಾವು ತಿಳಿದುಕೊಂಡೆವು.

ಮಾರನೇ ವರ್ಷ ನಾನು ಒಂಬತ್ತನೇ ಕ್ಲಾಸಿಗೆ ಬಂದೆ. ಚಲನೆಯ ಪಾಠದ ದಿನ ಮೇಷ್ಟ್ರು ಮಧ್ಯಾಹ್ನ ಒಳಗೆ ಬಂದವರೇ, "ಬೆಲ್ಲು ಹೊಡುದ್ರೂ ಯಾರೂ ಏಳ್ಬ್ಯಾಡಿ. ಇದು ಮುಗಿಯೋವರ್ಗೂ ಇವತ್ತು ಮನೆ ಇಲ್ಲ" ಎಂದರು. ಕೈಯಲ್ಲಿ ಬಿಸಿಯೂಟದ ಸ್ಟೀಲು ತಟ್ಟೆ, ಅದರೊಳಗೆ ಒಂದು ಗೋಲಿ. ತಟ್ಟೆ ಹಿಡಿದು ನಡೆಯಲು ನನ್ನನ್ನೇ ಕರೆದರು. ಹೋಗಲೋ ಬೇಡವೋ ಎಂದು ನಿಂತೆ. ಅವರೇ ಬಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

"ಒಂದೇ ಸಮ ನಡಿ" ಎಂದರು. ನಡೆದೆ. ಗೋಲಿ ತಟ್ಟೆಯ ನಡುವೆ ತೆಪ್ಪಗೆ ಕೂತಿತ್ತು. "ನಿಲ್ಲು!" ಎಂದು ಕೂಗಿದರು. ನಿಂತೆ. ಗೋಲಿ ಮುಂದಕ್ಕೆ ಓಡಿ ಅಂಚು ಹಾರಿ ಬಿತ್ತು. "ಈಗ ತಟ್ಟನೆ ಮುಂದಕ್ಕೆ ಓಡು!" ಗೋಲಿ ಹಿಂದಕ್ಕೆ ಬಿತ್ತು. "ತಿರುಗು!" ಪಕ್ಕಕ್ಕೆ ಬಿತ್ತು. ಒಬ್ಬೊಬ್ಬರ ಕೈಗೂ ತಟ್ಟೆ ಕೊಟ್ಟು ಮಾಡಿಸಿದರು. ನಂತರ ಬೋರ್ಡಿನ ಮೇಲೆ ಎರಡು ಟ್ರೈಲರಿನ ಅದೇ ಟ್ರಾಕ್ಟರನ್ನು ಬರೆದರು. ಈ ಸಲ ಪಕ್ಕದಲ್ಲಿ ಹುಡುಗಿಯನ್ನು ಬರೆಯಲಿಲ್ಲ.

"ಒಂದೇ ವೇಗ ಇರೋವರ್ಗೂ ಯಾರ್ಗೂ ಏನೂ ಆಗಲ್ಲ ಕಣ್ರಲಾ. ಏನಾದ್ರೂ ಆಗೋದು ವೇಗ ಬದಲಾದಾಗ. ಜಾಸ್ತಿಯಾದ್ರೂ ಅಷ್ಟೇ, ಕಮ್ಮಿಯಾದ್ರೂ ಅಷ್ಟೇ, ದಿಕ್ಕು ತಿರುಗುದ್ರೂ ಅಷ್ಟೇ. ಯಾವಾಗ ಬದಲಾಯ್ತದೆ ಅನ್ನೋದು ಡ್ರೈವರ್ ಕಾಲಿಗೆ ಗೊತ್ತು, ನಿಮ್ ಕೈಗೆ ಗೊತ್ತಿಲ್ಲ. ಇದ್ನ ನಾನು ಹೋದ ವರ್ಸ ಮಾರನೇ ದಿನಕ್ಕೆ ಇಟ್ಕಂಡಿದ್ದೆ" ಎಂದರು. ಅವರು ಹೊರಗೆ ಹೋಗಿ ನಲ್ಲಿಯಲ್ಲಿ ಬಹಳ ಹೊತ್ತು ಮುಖ ತೊಳೆದುಕೊಂಡರು. ನನ್ನ ಸಿಟ್ಟು ಅವತ್ತೇ ಇಳಿಯಿತು.

ಅಪ್ಪನದು ಇಳಿಯಲಿಲ್ಲ. ಮೇಷ್ಟ್ರಿಗೆ ನಾಗಮಂಗಲದ ಹತ್ತಿರಕ್ಕೆ ವರ್ಗ ಸಿಗುವ ಹಾಗಿತ್ತು, ಬೇಡವೆಂದರು. ಕಬ್ಬಿನ ಕಾಲ ಬಂದರೆ ಸಂಜೆ ಆ ತಿರುವಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ನಿಲ್ಲುತ್ತಿದ್ದರು. ಮಕ್ಕಳು ಟ್ರೈಲರಿನ ಹತ್ತಿರ ಸುಳಿದರೆ ಸೀಟಿ, ಡ್ರೈವರು ಜೋರು ಮಾಡಿದರೆ ಬೈಗುಳ. "ಪೋಲೀಸ್ ಕೆಲ್ಸ ಸಿಕ್ತಾ ಸಾ?" ಎಂದು ಪಡ್ಡೆ ಹುಡುಗರು ಕಿಚಾಯಿಸುತ್ತಿದ್ದರು. ಅಪ್ಪ ಆ ದಾರಿಯಲ್ಲಿ ಬಂದರೆ ಮೇಷ್ಟ್ರು ಕೈಮುಗಿಯುತ್ತಿದ್ದರು. ಅಪ್ಪ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ವರ್ಷಗಟ್ಟಲೆ ಅವರು ಕೈಮುಗಿದರು, ವರ್ಷಗಟ್ಟಲೆ ಇವನು ಮುಖ ತಿರುಗಿಸಿದ. "ಒಂದು ನಮಸ್ಕಾರ ವಾಪಸ್ ಕೊಟ್ರೆ ನಿನ್ ಗಂಟೇನ್ ಓಗ್ತದಪ್ಪ?" ಎಂದು ನಾನು ಒಮ್ಮೆ ಜಗಳವಾಡಿದೆ. ಅಪ್ಪ ಊಟ ಬಿಟ್ಟು ಎದ್ದ.

ನಾನು ಡ್ರೈವರಾದ ಮೇಲೆ ಮೇಷ್ಟ್ರು ಆಗಾಗ ನನ್ನ ಬಸ್ಸಿಗೇ ಕಾದು ಹತ್ತುತ್ತಿದ್ದರು. ಆ ಹೊತ್ತಿಗೆ ರಿಟೈರಾಗಿ ನಾಗಮಂಗಲದ ಕಡೆ ತಮ್ಮನ ಮನೆಯಲ್ಲಿದ್ದರೂ, ಕಬ್ಬಿನ ಕಾಲಕ್ಕೆ ಬಸ್ಸಿನಲ್ಲಿ ಬಂದು ತಿರುವಿನಲ್ಲಿ ನಿಂತು ಹೋಗುವುದನ್ನು ಬಿಟ್ಟಿರಲಿಲ್ಲ. ನನ್ನ ಹಿಂದಿನ ಸೀಟಿನಲ್ಲಿ ಕೂತು, "ಬ್ರೇಕ್ ಒತ್ತಿದ್ದು ಮಲಗಿರೋ ಮಗೀಗೆ ಗೊತ್ತಾಗ್ಬಾರ್ದು ಕಣ್ಲಾ" ಎನ್ನುತ್ತಿದ್ದರು. ಒಮ್ಮೆ ಬಾಬುರಾಯನಕೊಪ್ಪಲಿನ ಹತ್ತಿರ ಕಾರೊಂದು ಅಡ್ಡ ಬಂದು ನಾನು ಬ್ರೇಕು ತುಳಿದಾಗ ಅವರ ಹಣೆ ಕಂಬಿಗೆ ಬಡಿಯಿತು. ಹಣೆ ಉಜ್ಜಿಕೊಳ್ಳುತ್ತಾ, "ಗೋಲಿ ಬಿತ್ತು ನೋಡಪ್ಪ" ಎಂದು ನಕ್ಕರು. ಅವರು ನಕ್ಕದ್ದನ್ನು ಆ ಮೇಲೆ ನಾನು ಕಾಣಲಿಲ್ಲ.

ಈ ಸಲ ಕಬ್ಬು ಅರೆಯಲು ಶುರುವಾದರೂ ಮೇಷ್ಟ್ರು ಬರಲಿಲ್ಲ. ಲಕ್ವ ಹೊಡೆದು ಮಲಗಿದ್ದಾರೆ ಎಂದು ತಿಳಿಯಿತು. ಮನೆಯಲ್ಲಿ ಹೇಳಿದೆ. ಅಪ್ಪ ಕೇಳಿಸದವನ ಹಾಗೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ಮಾರನೇ ದಿನ ಬೆಳಿಗ್ಗೆ ಬಿಳೀ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ. "ನಡಿ ಮಗ, ನೋಡ್ಕಂಡ್ ಬರಾವ" ಎಂದ.

ತಮ್ಮನ ವೆಲ್ಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಮಲಗಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಲಗೈ ಎದೆಯ ಮೇಲೆ ಸತ್ತು ಬಿದ್ದಿತ್ತು. ಅಪ್ಪನನ್ನು ಕಂಡು ಎಡಗೈಯೊಂದನ್ನೇ ಹಣೆಯ ತನಕ ಎತ್ತಿದರು. ಅಪ್ಪ ಈ ಸಲ ಮುಖ ತಿರುಗಿಸಲಿಲ್ಲ. ನೆಲದ ಮೇಲೆ ಕುಕ್ಕರಿಸಿ ಆ ಕೈ ಹಿಡಿದುಕೊಂಡ.

"ಮೇಷ್ಟ್ರೇ, ಅವತ್ತು ನಾನು ಮಡ್‌ಗಾರ್ಡ್ ಮ್ಯಾಲೆ ಕುಂತಿದ್ನಲ್ಲ. ತಿರುಗಿ ನೋಡ್ದೆ. ಅವ್ಳು ಓಡ್ತಾ ಬತ್ತಾವ್ಳೆ. ಕೈಗೆ ಒಂದು ಬಡಕಲು ಜಲ್ಲೆ ಬಂದಿತ್ತು. ನಾನು ನಕ್ಬುಟ್ಟು, 'ನಮ್ದೇ ಕಬ್ಬು ಕಣವ್ವ, ದಪ್ಪುದ್ದು ನೋಡಿ ಎಳ್ಕೊ' ಅಂದೆ. ಅವ್ಳು ಕೈಲಿದ್ದುದ್ದ ಬಿಸಾಕ್ಬುಟ್ಟು ದಪ್ಪುದ್ದುಕ್ಕೆ ಕೈ ಆಕುದ್ಲು." ಅಪ್ಪ ಉಸಿರು ಎಳೆದುಕೊಂಡ. "ಅದೇ ಸಿಕ್ಕಾಕಂಡಿದ್ದು ಮೇಷ್ಟ್ರೇ. ಇದ್ನ ನಾನು ನಮ್ ಮನೆಯೋಳ್ಗೂ ಯೋಳಿಲ್ಲ."

ಮೇಷ್ಟ್ರ ಸೊಟ್ಟಗಾದ ಬಾಯಿಯಿಂದ ಮಾತು ಒಂದೊಂದಾಗಿ ಬಂತು.

"ಗೊತ್ತು... ಗೌಡ್ರೇ. ಆ ಟ್ರಾಕ್ಟರ್ ಡ್ರೈವರು... ನನ್ ಶಿಷ್ಯ. ಅವತ್ತೇ... ಅತ್ಕಂಡು ಹೇಳ್ದ."

"ಗೊತ್ತಿದ್ದೂ ನಮ್ ಅಂಗಳದಾಗೆ ನಿಂತ್ಕಂಡು ತಪ್ಪು ನಂದು ಅಂದ್ರಾ? ಇಷ್ಟು ವರ್ಸ ನನ್ ಕೈಲಿ ಬೈಸ್ಕಂಡ್ರಾ?"

"ನಂದೂ ಇತ್ತಲ್ಲ. ಮಗಳ್ನೂ ಕಳ್ಕಂಡು... ನೀವ್ ಅದ್ನೂ ಹೊರ್ಬೇಕಾ? ಒಬ್ರು ಹೊತ್ಕಂಡ್ರೆ... ಸಾಕಲ್ವಾ."

ಅಪ್ಪ ಆ ಮಂಚದ ಕಾಲಿಗೆ ತಲೆ ಇಟ್ಟು ಅತ್ತ ಹಾಗೆ ಅಕ್ಕ ಸತ್ತ ದಿನವೂ ಅತ್ತಿರಲಿಲ್ಲ. ಅದಾದ ಕೆಲವೇ ದಿನಕ್ಕೆ ಮೇಷ್ಟ್ರು ಹೋದರು. ಅಪ್ಪ ಹೆಗಲು ಕೊಟ್ಟ. ಬಂದ ಮೇಲೆ ಅವ್ವನಿಗೆ ಎಲ್ಲ ಹೇಳಿದ. ಅವ್ವ ಈಗ ಅಪ್ಪನಿಗೆ ಅನ್ನ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಮೊನ್ನೆ ಆ ತಿರುವಿನಲ್ಲಿ ಬಸ್ಸು ತರುತ್ತಿದ್ದೆ. ಮುಂದೆ ಕಬ್ಬಿನ ಟ್ರಾಕ್ಟರು. ಯೂನಿಫಾರಮ್ಮಿನ ಹುಡುಗಿಯೊಬ್ಬಳು ಮೊದಲ ಟ್ರೈಲರಿನ ಪಕ್ಕದಲ್ಲಿ ಜಲ್ಲೆ ಹಿಡಿದು ಓಡುತ್ತಿದ್ದಳು. ಹಾರ್ನ್ ಒತ್ತಿ ಹಿಡಿದೆ. ಜಲ್ಲೆ ಬಿಟ್ಟು ಪಕ್ಕಕ್ಕೆ ಸರಿದಳು. ಬಸ್ಸು ನಿಲ್ಲಿಸಿ ಇಳಿದು ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಹುಡುಗಿ ಅಳುತ್ತಾ ಓಡಿಹೋದಳು. ಮೇಷ್ಟ್ರಾಗಿದ್ದರೆ ಅವಳನ್ನು ಕೂರಿಸಿಕೊಂಡು, ತಟ್ಟೆಯ ಮೇಲೆ ಗೋಲಿ ಇಟ್ಟು, ಮುಗಿಯುವ ತನಕ ಹೇಳಿಯೇ ಕಳಿಸುತ್ತಿದ್ದರು. ನನಗೆ ಬೈಯಲು ಬಂತು, ಹೇಳಿಕೊಡಲು ಬರಲಿಲ್ಲ.