ಎಂಜಿನ್ ಡ್ರೈವರ್ ಉಚ್ಚಂಗೆಪ್ಪನೂ ಕಾರ್ಬೈಡ್ ಗ್ಯಾಸೂ

ಉಚ್ಚಂಗೆಪ್ಪನನ್ನು ದಡ್ಡ ಅಂದವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ದಡ್ಡ ನಾನು! ಬಳ್ಳಾರಿಯ ಹತ್ತಿ ಮಿಲ್ಲಿನ ಗುಮಾಸ್ತ ಜಯತೀರ್ಥ, ಇಂಗ್ಲಿಷ್ ಪೇಪರು ಓದುವವನು. ಅವನೋ, ಕುರುಗೋಡಿನ ಬಾವಿಯ ಮೇಲೆ ಕಪಿಲೆ ಹೊಡೆಯುತ್ತಿದ್ದವನು. ಎತ್ತುಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ತೊಗಲಿನ ಚೀಲದಲ್ಲಿ ನೀರೆತ್ತುವ ಕೆಲಸ. ಉಸಿರು ಕೇಳಿಯೇ ಎತ್ತಿನ ದಣಿವು ಹೇಳುತ್ತಿದ್ದ. ಮದುವೆಯಾದ ವರ್ಷ ಹೆಂಡತಿ ಸತ್ಯಮ್ಮನ ಜೊತೆ ಬಳ್ಳಾರಿಗೆ ಬಂದ. ಅವಳು ಹತ್ತಿ ಬಿಡಿಸುವ ಯಂತ್ರದ ಮುಂದೆ ಕೂತಳು, ಅವನು ಸೀಮೆಎಣ್ಣೆ ಎಂಜಿನ್ನಿನ ಪಕ್ಕ ನಿಂತ. ಆರು ತಿಂಗಳಲ್ಲಿ ಅದರ ಉಸಿರೂ ಅವನಿಗೆ ಬಾಯಿಪಾಠವಾಯಿತು.

೧೮೯೯ರ ಸುಗ್ಗಿ. ಸಿರುಗುಪ್ಪದ ಕಡೆಯಿಂದ ಹತ್ತಿಗಾಡಿಗಳು ಬಂದವು ನೋಡಿ, ಅಬ್ಬಬ್ಬಾ, ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ! ಮಾಲೀಕ ಚಂದ್ರಣ್ಣ ಎಂಜಿನ್ನಿನ ಬೆಲ್ಟಿಗೆ ಇನ್ನೂ ಎಂಟು ಯಂತ್ರ ಜೋಡಿಸಿದ. ಎಂಜಿನ್ ಏದುಸಿರು ಬಿಡತೊಡಗಿತು. ಆಗ ನನ್ನ ತಲೆಗೆ ಹೊಳೆಯಿತು. ದೀಪಕ್ಕೆಂದು ಮದರಾಸಿನಿಂದ ತರಿಸಿದ್ದ ಕಾರ್ಬೈಡ್ ಕಲ್ಲಿತ್ತು. ನೀರು ಹನಿಸಿದರೆ ಉರಿಯುವ ಗ್ಯಾಸು ಏಳುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೇ ಆ ಗ್ಯಾಸಿನ ಕೊಳವೆ ಇಟ್ಟರೆ?

ಉಚ್ಚಂಗೆಪ್ಪ ತಲೆಯಾಡಿಸಿದ. ಬೇಡ.

"ಕೆಲಸ ಜಾಸ್ತಿ ಇದ್ದ ದಿನ ನಿನ್ನ ಎತ್ತಿಗೆ ಹತ್ತಿಕಾಳು ಜಾಸ್ತಿ ಹಾಕ್ತಿದ್ದಿಲ್ಲೇನೋ? ಇದೂ ಹಂಗ," ಅಂದೆ ನಾನು.

"ಹೊಟ್ಟಿ ತುಂಬಿದ್ರ ಎತ್ತು ಮಾರಿ ತಿರುಗಸ್ತೈತ್ರಿ ಸ್ವಾಮಿ. ಇದು ತಿರುಗಸ್ತೈತೇನು? ಎಣ್ಣಿಯಾದ್ರ ನನ್ನ ಕೈಯಾಗ ಐತಿ, ಬಂದ್ ಮಾಡ್ತೀನಿ. ಬಾಯಾಗ ಹೋಗೋ ಗಾಳಿ ಯಾರ ಕೈಯಾಗ ಐತ್ರಿ?"

"ಹೆದರುಪುಕ್ಕಲ!" ಎಂದು ನಾನು ನಕ್ಕೆ. ಚಂದ್ರಣ್ಣನೂ ನಕ್ಕ. ಕೊಳವೆ ಇಟ್ಟು ತಂತಿಯಿಂದ ಬಿಗಿದೆವು.

ಮೊದಲ ಗಳಿಗೆ, ಆಹಾ, ಏನು ಓಟ! ಯಂತ್ರಗಳೆಲ್ಲ ಝಣಝಣ ತಿರುಗಿದವು. ನಾನು ಚಪ್ಪಾಳೆ ಹೊಡೆದೇಬಿಟ್ಟೆ. ಅಷ್ಟರಲ್ಲಿ ಎಂಜಿನ್ನಿನ ಹೊಟ್ಟೆಯೊಳಗೆ ಸುತ್ತಿಗೆಯ ಪೆಟ್ಟು ಬಿದ್ದಂತೆ ಟಣ್, ಟಣ್! ಗ್ಯಾಸು ಹೊತ್ತಿಗೆ ಮುಂಚೆಯೇ ಹೊತ್ತಿಕೊಳ್ಳುತ್ತಿತ್ತು. ಉಚ್ಚಂಗೆಪ್ಪ ತಕ್ಷಣ ಎಣ್ಣೆ ನಿಲ್ಲಿಸಿದ. ಎಂಜಿನ್ ನಿಲ್ಲಲಿಲ್ಲ! ಗ್ಯಾಸನ್ನೇ ತಿಂದು ಇನ್ನೂ ಜೋರಾಯಿತು. ನಾನು ಕೊಳವೆ ಕೀಳಲು ನೋಡಿದೆ, ತಂತಿ ಬಿಡಲಿಲ್ಲ; ಓಡಿಹೋಗಿ ಕಲ್ಲಿಗೆ ಹನಿಸುವ ನೀರಿನ ನಲ್ಲಿ ಬಂದ್ ಮಾಡಿದೆ. ಆಗಲೇ ನೆನೆದ ಕಲ್ಲು ಬುಸುಬುಸು ಅನ್ನುತ್ತಲೇ ಇತ್ತು.

"ಬೆಲ್ಟ್ ಕಳಚೋ!" ಎಂದು ಕಿರುಚಿದೆ.

"ಬ್ಯಾಡ್ರಿ! ಭಾರ ಇಳಿದ್ರ ಇನ್ನಾ ಓಡ್ತೈತಿ, ಎಂಜಿನ್ ಗಾಲಿ ಒಡೀತೈತಿ!"

ಗೋಡೆಯಾಚೆ ನಲವತ್ತು ಹೆಂಗಸರು. ಎರಡೂ ಕಡೆ ಬೆಲ್ಟುಗಳು ಬಡಿಯುತ್ತಿದ್ದವು, ಎದ್ದು ಓಡುವಂತಿಲ್ಲ. ಯಂತ್ರದ ಉರುಳೆಗಳು ಬೆರಳ ತುದಿಯಿಂದಲೇ ಹತ್ತಿ ಕಿತ್ತುಕೊಳ್ಳುತ್ತಿದ್ದವು. ಬೆರಳು ಸಿಕ್ಕರೆ ಕೈಯೇ ಹೋಯಿತು. "ಸತ್ಯಾ, ಕೈ ತಗೀ!" ಎಂದು ಉಚ್ಚಂಗೆಪ್ಪ ಗಂಟಲು ಹರಿಯುವಂತೆ ಕೂಗಿದ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಅವನು ಹೆಗಲ ಕಂಬಳಿ ಎಳೆದು ನೀರಿನ ತೊಟ್ಟಿಯಲ್ಲಿ ಅದ್ದಿದ. ಗಾಳಿಬಾಯಿಗೆ ಎರಡೂ ಕೈಯಿಂದ ಒತ್ತಿದ. ಢಂ ಎಂದು ಎಂಜಿನ್ ಬೆಂಕಿಯನ್ನು ಹಿಂದಕ್ಕೆ ಉಗುಳಿತು. ನಾನು ಹಾರಿ ದೂರ ಬಿದ್ದೆ, ಅವನು ಕೈ ತೆಗೆಯಲಿಲ್ಲ. ಮತ್ತೊಮ್ಮೆ ಢಂ! ಆಗಲೂ ತೆಗೆಯಲಿಲ್ಲ. ಗಾಳಿ ಸಿಗದೆ ಎಂಜಿನ್ ಮೂರು ಸಲ ಬಿಕ್ಕಿ ನಿಂತಿತು.

ಅವನು ಒಳಗೆ ನುಗ್ಗಿದ. "ಎಲ್ರೂ ಕೈ ಎತ್ರಿ!"

ಹತ್ತಿಯ ಧೂಳಿನಲ್ಲಿ ಒಂದೊಂದಾಗಿ ಕೈಗಳು ಎದ್ದವು. ಎಲ್ಲರದೂ! ಸತ್ಯಮ್ಮನದೂ, ಬಳೆ ಸಮೇತ. ಉಚ್ಚಂಗೆಪ್ಪ ಗಹಗಹಿಸಿ ನಕ್ಕ, ನನಗೆ ಅಳು ಬಂತು.

ನಿಂತುಹೋಗಿದ್ದ ಬೆಲ್ಟ್ ದಾಟಿ ಸತ್ಯಮ್ಮ ಅವನೆದುರು ಬಂದಳು. "ನಮ್ಮ ಕೈ ನೋಡಿದಿ. ನಿಂದೆಲ್ಲಿ? ಯಾಕ ಹಿಂದ ಇಟಗೊಂಡಿ?"

ಹಿಡಿದೆಳೆದು ನೋಡಿದಳು. ಅಂಗೈಯ ಚರ್ಮ ಕಂಬಳಿಯಲ್ಲೇ ಉಳಿದಿತ್ತು.

ನಾಲ್ಕು ತಿಂಗಳು ಅವಳೇ ಉಣಿಸಿದಳು. ಐದನೆಯ ತಿಂಗಳು ಅವನು ಎಂಜಿನ್ನಿನ ಪಕ್ಕ ನಿಂತಾಗ ಎಣ್ಣೆಯ ನಲ್ಲಿ ತಿರುಗಿಸಲು ಬೆರಳು ಮಡಚಲಿಲ್ಲ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಸ್ವಾಮಿ, ನೀವು ತಿರುಗಸ್ರಿ. ಎಷ್ಟು ಅಂತ ನಾನು ಹೇಳ್ತೀನಿ," ಅಂದ.

ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ಅವನು ಹೇಳಿದಷ್ಟೇ ತಿರುಗಿಸಿದೆ.