ಬೆಕ್ಕು ಬೀಳುವಾಗಿನ ಗಟ್ಟಿಮೇಳ

ಟೀವಿಯಲ್ಲಿ ಹಳೆಯ ಮೂಕ ಕಾರ್ಟೂನು ತೋರಿಸುವವರ ಮೇಲೆ ನನ್ನದೊಂದು ಗಂಭೀರ ಆಕ್ಷೇಪಣೆಯಿದೆ. ಚಿತ್ರ ಸರಿ, ಸಂಗೀತ ತಪ್ಪು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನಾನು ಅವನ್ನು ತಪ್ಪದೆ ನೋಡುತ್ತೇನೆ. ಕಪ್ಪು ಬಿಳುಪಿನ ಯಾವುದೋ ಪ್ರಾಣಿ ಎತ್ತರದಿಂದ ಜಾರುತ್ತದೆ, ಹಿಂದೆ ಪಿಯಾನೊ ಟಿಣಿಟಿಣಿ ಎನ್ನುತ್ತದೆ. ಪಿಯಾನೊಗೆ ಬೆಕ್ಕು ಬೀಳುವುದಿಲ್ಲ. ಬೆಕ್ಕು ಬೀಳುವುದು ಗಟ್ಟಿಮೇಳಕ್ಕೆ. ಇದು ನನ್ನ ಅಭಿಪ್ರಾಯವಲ್ಲ, ಕಾಗದನಗರದ ಕ್ಲಬ್ಬಿನಲ್ಲಿ ಶನಿವಾರ ಶನಿವಾರ ಸಾಬೀತಾದ ಸಂಗತಿ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಏಳು ವರ್ಷ. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಅಪ್ಪನಿಗೆ ಅಲ್ಲಿನ ಕಾಗದದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವನು ಎದ್ದಿದ್ದಾಗ ನಾನು ಸ್ಕೂಲಿನಲ್ಲಿ, ನಾನು ಬಂದಾಗ ಅವನು ನಿದ್ದೆಯಲ್ಲಿ. ಅಜ್ಜಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ, ಇನ್ನೊಂದನ್ನು ಅವಳು ದೇವರಿಗೆ ಮೀಸಲಿಟ್ಟಿದ್ದಳು. ಹೀಗಾಗಿ ಆ ಕ್ವಾರ್ಟರ್ಸಿನಲ್ಲಿ ವಾರದ ಆರು ದಿನ ನಾನು ಹೆಚ್ಚು ಮಾತಾಡಿದ್ದು ನೀರಿನ ಹಂಡೆಯ ಜೊತೆ. ಅದು ತಿರುಗಿ ಉತ್ತರ ಕೊಡುತ್ತಿತ್ತು, ನನ್ನದೇ ದನಿಯಲ್ಲಿ.

ಏಳನೆಯ ದಿನ ಸಂಜೆ ಕ್ಲಬ್ಬಿನ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಅದಕ್ಕೂ ಮೊದಲು ಮಕ್ಕಳಿಗಾಗಿ ಒಂದು ಮೂಕ ಕಾರ್ಟೂನು. ಒಂದು ಎಂದರೆ ಒಂದೇ. ಕ್ಲಬ್ಬಿನಲ್ಲಿದ್ದ ರೀಲೇ ಒಂದು. ಅದು ಹರಿದಾಗಲೆಲ್ಲ ಕತ್ತರಿಸಿ ಅಂಟಿಸಿ, ಮೂರು ನಿಮಿಷಕ್ಕೆ ಇಳಿದಿತ್ತು. ಬೆಕ್ಕು ಬಾತುಕೋಳಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ; ಬೆಟ್ಟದ ಅಂಚು ಮುಗಿದರೂ ಅದಕ್ಕೆ ಗೊತ್ತಾಗುವುದಿಲ್ಲ, ಗಾಳಿಯಲ್ಲೇ ಓಡುತ್ತಿರುತ್ತದೆ; ಆಮೇಲೆ ಕೆಳಗೆ ನೋಡುತ್ತದೆ. ನೋಡಿದ ಮೇಲೆ ಬೀಳುತ್ತದೆ.

ಮೆಷಿನ್ ನಡೆಸುತ್ತಿದ್ದವರು ಕಾರ್ಖಾನೆಯ ಒಬ್ಬ ಫಿಟ್ಟರು, ತಮಿಳಿನವರು. ಮೂಕ ಚಿತ್ರ ಮೂಕವಾಗಿಯೇ ಓಡುವುದು ಅವರಿಗೆ ಅಪಶಕುನವೆನಿಸುತ್ತಿತ್ತು. ಪಕ್ಕದಲ್ಲಿ ಗ್ರಾಮಫೋನು ಇಟ್ಟುಕೊಂಡು ಪ್ಲೇಟು ಹಾಕುತ್ತಿದ್ದರು. ಪ್ಲೇಟು ಕೂಡ ಒಂದೇ ಉಳಿದಿತ್ತು: ವಾದ್ಯದವರು ಸಿಗದ ಮದುವೆಗಳಿಗೆಂದು ಕ್ಲಬ್ಬಿನವರು ತರಿಸಿದ್ದ ಮಂಗಳವಾದ್ಯ. ಅದೇ ರೀಲು, ಅದೇ ಪ್ಲೇಟು. ನಾಗಸ್ವರದ ಜೊತೆ ಬೆಕ್ಕು ಬೆಟ್ಟ ಹತ್ತುತ್ತಿತ್ತು. ಸರಿಯಾಗಿ ಅದು ಗಾಳಿಯಲ್ಲಿ ಕಾಲು ಬಡಿಯುವಾಗ ಗಟ್ಟಿಮೇಳ ಶುರುವಾಗುತ್ತಿತ್ತು. ಇಡೀ ಅಂಗಳ ನಗುತ್ತಿತ್ತು. ವಾರದಲ್ಲಿ ನಾನು ಬೇರೆಯವರ ಜೊತೆಗೂಡಿ ಮಾಡುತ್ತಿದ್ದ ಕೆಲಸ ಅದೊಂದೇ.

ಆ ವರ್ಷ ಅಪ್ಪನಿಗೆ ಎರಡನೆಯ ಮದುವೆ ಗೊತ್ತಾಯಿತು. ಹುಡುಗಿ ನವುಲೆ ಕಡೆಯ ರೈತರ ಮನೆಯವಳು, ಹತ್ತೊಂಬತ್ತು ವರ್ಷ. ಮದುವೆ ಶಿವಮೊಗ್ಗದ ಒಂದು ಛತ್ರದಲ್ಲಿ. ಮುಹೂರ್ತ ಹತ್ತಿರವಾದಾಗ ಅಜ್ಜಿ ನನ್ನ ಕೈ ಹಿಡಿದು ಉಗ್ರಾಣಕ್ಕೆ ಕರೆದುಕೊಂಡು ಹೋದಳು.

"ಇಲ್ಲೇ ಕೂತಿರು. ಅಪ್ಪನ ಮದುವೆ ಮಕ್ಕಳು ನೋಡಬಾರ್ದು."

"ಯಾಕೆ?"

"ನೋಡಬಾರ್ದು, ಅದಕ್ಕೆ. ಈ ಬಾಳೆಹಣ್ಣು ತಿನ್ನು."

ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ ಸದ್ದಾಯಿತು. ತೆಂಗಿನಕಾಯಿ ರಾಶಿ, ಕುಂಬಳಕಾಯಿ, ಬೆಲ್ಲದ ಪೆಂಟೆ ಮತ್ತು ನಾನು. ಗೋಡೆಯಾಚೆ ನನ್ನ ಅಪ್ಪ. ಈ ಪದ್ಧತಿ ಮಾಡಿದ ಹಿರಿಯರು ಕಣ್ಣಿನ ಬಗ್ಗೆ ಮಾತ್ರ ಯೋಚಿಸಿದ್ದರು. ಕಿವಿಯ ಬಗ್ಗೆ ಅವರ ವ್ಯವಸ್ಥೆ ಏನೂ ಇರಲಿಲ್ಲ. ಮೊದಲು ನಾಗಸ್ವರ ನಿಧಾನವಾಗಿ ಕೇಳಿಸಿತು. ನನಗೆ ಅಳು ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಅಷ್ಟರಲ್ಲಿ ಯಾರೋ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಡೋಲು ಬಡಿಯಿತು. ಉಗ್ರಾಣದ ಕತ್ತಲಲ್ಲಿ ಬೆಕ್ಕು ಬೆಟ್ಟದ ಅಂಚು ದಾಟಿ, ನಾಲ್ಕೂ ಕಾಲು ಆಡಿಸುತ್ತ, ಕೆಳಗೆ ನೋಡಿತು.

ನಾನು ನಕ್ಕೆ. ಡೋಲಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸುವಂತಿರಲಿಲ್ಲ. ಆದರೆ ತಾಳಿ ಕಟ್ಟಿ ಮುಗಿಯಿತೇನೋ, ವಾದ್ಯ ಥಟ್ಟನೆ ನಿಂತಿತು. ನನ್ನ ನಗು ನಿಲ್ಲಲಿಲ್ಲ.

ಚಿಲಕ ತೆಗೆದವಳು ಸೋದರತ್ತೆ. "ಎಂಥದೇ ಮಾರಾಯ್ತಿ ಇದು. ಮದುಮಗಳು ತಲೆ ಎತ್ತಿ ನೋಡೋ ಹಾಗೆ ಮಾಡಿಬಿಟ್ಯಲ್ಲೇ" ಎಂದಳು. ಊಟದ ಪಂಕ್ತಿಯಲ್ಲಿ ನನ್ನ ಅಕ್ಕಪಕ್ಕದ ಎರಡೂ ಎಲೆ ಖಾಲಿ ಇದ್ದವು.

ಚಿಕ್ಕಮ್ಮ ಕಾಗದನಗರಕ್ಕೆ ಬಂದಳು. ಹತ್ತು ದಿನ ನನಗೆ ತಲೆ ಬಾಚಿದಳು, ಬಡಿಸಿದಳು, ನನ್ನ ಮುಖ ಮಾತ್ರ ನೋಡಲಿಲ್ಲ. ನಾನು ತನ್ನನ್ನು ಗೇಲಿ ಮಾಡಿ ನಕ್ಕೆನೆಂದು ತಿಳಿದಿದ್ದಾಳೆ ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಈ ಅಪವಾದವೊಂದು ಕಳೆದರೆ ಸಾಕಾಗಿತ್ತು. ಮಾತಿಗೆ ಹಂಡೆಯಲ್ಲದೆ ಇನ್ನೊಬ್ಬರು ಸಿಗುವ ಸಂಭವವಿತ್ತು. ಹನ್ನೊಂದನೆಯ ದಿನ ಜಡೆ ಹೆಣೆಯುತ್ತ, ನನ್ನ ಹಿಂದಿನಿಂದ, ಅವಳೇ ಕೇಳಿದಳು.

"ಅವತ್ತು ಯಾಕೆ ನಕ್ಕೆ?"

"ಬೆಕ್ಕು ಬಿತ್ತು."

"ಎಲ್ಲಿಂದ?"

"ಬೆಟ್ಟದ ಮೇಲಿಂದ."

"ಉಗ್ರಾಣದಲ್ಲಿ ಬೆಟ್ಟ ಎಲ್ಲಿತ್ತೆ?"

"ಶನಿವಾರ ಕ್ಲಬ್ಬಿಗೆ ಬನ್ನಿ, ತೋರಿಸ್ತೀನಿ. ಗಟ್ಟಿಮೇಳಕ್ಕೆ ಬೀಳುತ್ತೆ."

ಅವಳು ಬಂದಳು. ಅಜ್ಜಿಯ ಒಪ್ಪಿಗೆ, ಅಪ್ಪನ ಒಪ್ಪಿಗೆ, ಎಲ್ಲ ನಾನೇ ಪಡೆದಿದ್ದೆ. ಚಾಪೆ ಹಾಕಿ, ಸಾಕ್ಷಿ ಚೆನ್ನಾಗಿ ಕಾಣುವ ಕಡೆ ಅವಳನ್ನು ಕೂರಿಸಿದೆ. ಆದರೆ ಫಿಟ್ಟರ ಪಕ್ಕದಲ್ಲಿ ಗ್ರಾಮಫೋನು ಇರಲಿಲ್ಲ. ಮೆಷಿನ್ ಹೊಸದು, ಹೊಳೆಯುತ್ತಿತ್ತು. ಓಡಿಹೋಗಿ ಕೇಳಿದೆ.

"ಇನ್ಮೇಲೆ ಮೆಷಿನ್ನೇ ಪಾಡುತ್ತೆ, ಪಾಪಾ" ಎಂದರು ಅವರು, ಹೆಮ್ಮೆಯಿಂದ. "ಪ್ಲೇಟೆಲ್ಲ ಬೇಡ."

"ಬೆಕ್ಕು?"

"ಆ ರೀಲು ಪುಡಿ ಆಗೋಯ್ತಲ್ಲ. ಇದು ನಾಯಿದು. ಪುದುಸು, ಹೊಸದು."

ನಾಯಿಯೊಂದು ಗೋಡೆಗೆ ಬಣ್ಣ ಬಳಿಯಿತು. ವಿಲಾಯತಿ ಬ್ಯಾಂಡು ಊದಿತು. ಎಲ್ಲರೂ ನಕ್ಕರು, ನನ್ನೊಬ್ಬಳ ಹೊರತು. ನಾನು ಬಟ್ಟೆಯನ್ನು ನೋಡುತ್ತಿರಲಿಲ್ಲ, ಚಿಕ್ಕಮ್ಮನನ್ನು ನೋಡುತ್ತಿದ್ದೆ.

ವಾಪಸು ಬರುವಾಗ ದಾರಿಯಲ್ಲಿ ಅವಳೆಂದಳು, "ಬೆಕ್ಕು ಬರ್ಲಿಲ್ಲ."

"ಇದೆ. ಇತ್ತು. ನಿಜವಾಗ್ಲೂ."

"ಇರ್ಲಿ ಬಿಡು. ಮದುವೆ ವಾದ್ಯಕ್ಕೆ ಬೆಕ್ಕು ಕುಣಿಸೋರು ಎಲ್ಲಾದ್ರೂ ಉಂಟಾ? ನಾಚಿಕೆಗೆ ಹೇಳ್ತಿದ್ದೀಯ, ನಂಗೊತ್ತು." ನಾಲ್ಕು ಹೆಜ್ಜೆ ನಡೆದ ಮೇಲೆ ಹೇಳಿದಳು. "ಅವತ್ತು ನಮ್ಮಮ್ಮ ಅಳ್ತಿದ್ರು. ನಿಮ್ಮಜ್ಜಿ ಅಳ್ತಿದ್ರು. ಎರಡನೇ ಸಂಬಂಧಕ್ಕೆ ಕೊಟ್ರಲ್ಲ ಅಂತ ನಮ್ಮ ಕಡೆಯೋರೆಲ್ಲ ನನ್ನ ಮುಖಾನೇ ನೋಡ್ತಿದ್ರು. ನಕ್ಕಿದ್ದು ಅಂದ್ರೆ ನೀನೊಬ್ಬಳೇ. ನಾನು ಬರೋದು ನಿಂಗೆ ಖುಷಿಯಾಗಿತ್ತು, ಅಲ್ವಾ?"

ಸತ್ಯ ಬಾಯಿಯಲ್ಲೇ ಇತ್ತು. ಆದರೆ ಅವಳು ನನ್ನ ಮುಖ ನೋಡುತ್ತಿದ್ದಳು, ಮೊದಲ ಸಲ.

"ಹೂಂ" ಎಂದೆ.

ಕೈ ಹಿಡಿದುಕೊಂಡು ಮನೆಯ ತನಕ ನಡೆಸಿಕೊಂಡು ಬಂದಳು. ಆಮೇಲೆ ಅವಳು ನನ್ನನ್ನು ನೋಡಿಕೊಂಡದ್ದರಲ್ಲಿ ಯಾರೂ ಒಂದು ಕೊರತೆ ತೆಗೆಯಲಾರರು. ಮನೆಗೆ ಯಾರೇ ಬರಲಿ, ನನ್ನ ಮದುವೆಯ ಬೀಗರೇ ಬರಲಿ, ಅವಳು ಆ ಕಥೆ ಹೇಳುತ್ತಿದ್ದಳು: ಬೀಗ ಜಡಿದ ಕೋಣೆಯಲ್ಲಿದ್ದರೂ ತನಗೆ ಅಮ್ಮ ಬಂದಳೆಂದು ಮಗು ಹೇಗೆ ಕಿಲಕಿಲನೆ ನಕ್ಕಿತು ಎಂದು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಚಿಲಕ ಬೀಗವಾದದ್ದನ್ನು ನಾನು ಒಮ್ಮೆ ತಿದ್ದಿದೆ. ಬೆಕ್ಕಿನ ವಿಷಯ ಎತ್ತಲಿಲ್ಲ.

ಚಿಕ್ಕಮ್ಮ ನಲವತ್ತು ವರ್ಷ ಆ ಕಥೆಯಲ್ಲಿ ನಕ್ಕ ಮಗುವನ್ನು ಬಹಳ ಪ್ರೀತಿಸಿದಳು. ಅದರ ಪಾಲಿನ ತುಪ್ಪ, ಅದರ ಪಾಲಿನ ಹೊಸ ಲಂಗ, ಅದರ ಬಾಣಂತನ, ಎಲ್ಲವನ್ನೂ ತೆಗೆದುಕೊಳ್ಳುತ್ತ ನಾನು ಪಕ್ಕದಲ್ಲೇ ಇದ್ದೆ.