ಒಂಟಿ ಕಡಗದ ಸಪ್ಪಳ

ಛಲ್... ಆಮೇಲೆ ಏನೂ ಇಲ್ಲ. ಮತ್ತೆ ಛಲ್... ನಿನ್ನೆ ಮೊಮ್ಮಗಳು ಒಂದು ಕಾಲಿಗಷ್ಟೇ ಗೆಜ್ಜೆ ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತ ಮನೆಯೆಲ್ಲ ಓಡಾಡಿದಳು. ಶಹಾಪುರದ ಕೆನಾಲ್ ಕ್ಯಾಂಪಿನಲ್ಲಿ ನಮ್ಮ ಎದುರು ಮನೆಯಾಕೆ ನಡೆದರೂ ಹೀಗೇ ಕೇಳುತ್ತಿತ್ತು.

ನೀರು ಬಂದು ಜೋಳದ ಹೊಲಗಳು ಗದ್ದೆಯಾದ ಹೊಸತು. ಆಕೆ ಗೋಗಿ ಊರಿನ ಕಡೆಗೆ ನೆಲ್ಲಿನ ಸಸಿ ಹಚ್ಚಲು ಹೋಗುತ್ತಿದ್ದಳು. ಮುಟ್ಟು ಬಂದರೆ ವಾರಗಟ್ಟಲೆ ನಿಲ್ಲುತ್ತಿರಲಿಲ್ಲ. ಹೊಟ್ಟೆ ಬಸುರಿಯ ಹಾಗೆ. ಓಣಿಯ ಹೆಂಗಸರು, "ಯಾವಾಗ ಹಡಿತೀಯವ್ವಾ, ವರ್ಷ ಆತು" ಎಂದು ಚುಡಾಯಿಸಿದರೆ, "ಕರೀಲಾರ್ದ ಬಂದು ಕುಂತದ, ಎಬ್ಬಿಸಿದ್ರ ಏಳವಲ್ದು" ಎಂದು ನಗುತ್ತಿದ್ದಳು.

ಒಮ್ಮೆ ಎಡಗಾಲು ತೊಡೆತನಕ ಬಾತುಬಿಟ್ಟಿತು. ಕಾಲಿನ ಗೆಜ್ಜೆಯ ಬೆಳ್ಳಿ ಕಡಗ ಮಾಂಸದಲ್ಲಿ ಹೂತು, ಅಕ್ಕಸಾಲಿ ಪತ್ತಾರನನ್ನು ಕರೆಸಿ ಕತ್ತರಿಸಬೇಕಾಯಿತು. ಬಲಗಾಲಿನದು ಹಾಗೇ ಉಳಿಯಿತು. ನಾನೇ ಆಕೆಯನ್ನು ಕ್ಯಾಂಪಿನ ಡಾಕ್ಟರ ಬಳಿ ಕರೆದೊಯ್ದೆ. ಆತ ಕುರ್ಚಿಯಿಂದ ಏಳಲಿಲ್ಲ.

"ಕೆನಾಲ್ ನೀರಾಗ ನಿಂತ್ರ ಬಾವು ಬರ್ಲಾರ್ದ ಏನಾಗ್ತದ? ಎಣ್ಣಿ ಹಚ್ಚಿ ಚಲೋತ್ನಾಗಿ ತಿಕ್ರಿ."

"ನೀರಾಗ ಎರಡೂ ಕಾಲು ನಿಂತಿದ್ವಲ್ರೀ ಸಾಹೇಬ್ರ. ಇದೊಂದಕ್ಕ ಯಾಕ ಸಿಟ್ಟು?" ಎಂದಳು ಆಕೆ.

ಆತ ನಕ್ಕುಬಿಟ್ಟ. ನಾನು ಬ್ಲೀಡಿಂಗ್ ವಿಷಯ ಎತ್ತಿದರೆ, "ಹೆಣ್ಮಕ್ಕಳಿಗಿ ಅದೆಲ್ಲ ಮಾಮೂಲಿರಿ" ಎಂದ. ಮಾಮೂಲಿಯಂತೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಪೊಲೈಟ್ ಆಗಿರಲು ಕಲಿಸಿದ್ದರು. ಈ ಮನುಷ್ಯನ ವಿಷಯದಲ್ಲಿ ಇವತ್ತಿಗೂ ನನ್ನಿಂದ ಅದು ಆಗದು. ಆ ಹೊಟ್ಟೆಯ ಮೇಲೆ ಒಮ್ಮೆ ಕೈಯಿಟ್ಟು ನೋಡಬಾರದಿತ್ತೇ?

ಆಕೆಯ ಅತ್ತೆ ದಿನಾ ಹರಳೆಣ್ಣೆ ಬಿಸಿ ಮಾಡಿ, ಬಾಣಂತಿಗೆ ತಿಕ್ಕುವ ಹಾಗೆ ಬಲ ಹಾಕಿ ಆ ಕಾಲು ತಿಕ್ಕಿದಳು. ಪ್ರೀತಿಯಿಂದಲೇ... ಆ ಮುದುಕಿಯನ್ನು ದೂರಲು ನನಗೆ ಬಾಯಿ ಬಾರದು. ಒಂದು ಬೆಳಿಗ್ಗೆ ತಿಕ್ಕುತ್ತಿರುವಾಗಲೇ ಸೊಸೆ ಎದೆ ಹಿಡಿದುಕೊಂಡು ಎದ್ದು ಕೂತಳು. ಉಸಿರು ಸಿಗುತ್ತಿರಲಿಲ್ಲ. ನನ್ನವರ ನೀರಾವರಿ ಇಲಾಖೆಯ ಜೀಪಿನಲ್ಲಿ ಗುಲಬರ್ಗಾಕ್ಕೆ ಒಯ್ದರು. ಸಂಜೆಯೊಳಗೆ ಮುಗಿದಿತ್ತು.

ಗರ್ಭಕೋಶದ ಗಡ್ಡೆ, ಫೈಬ್ರಾಯ್ಡ್, ಬೆಳೆದು ಕಾಲಿನ ರಕ್ತನಾಳವನ್ನು ಒತ್ತಿತ್ತಂತೆ. ರಕ್ತ ಅಲ್ಲೇ ಹೆಪ್ಪುಗಟ್ಟಿತ್ತು. ಆ ಕ್ಲಾಟ್ ಕಿತ್ತು ಶ್ವಾಸಕೋಶಕ್ಕೆ ಹೋಯಿತು. ಅಂಥ ಕಾಲನ್ನು ತಿಕ್ಕಲೇಬಾರದು ಎಂದು ಅಲ್ಲಿಯ ಲೇಡಿ ಡಾಕ್ಟರ್ ಜೊತೆಗೆ ಹೋಗಿದ್ದ ನನ್ನವರಿಗೆ ಹೇಳಿದರು. ಆಕೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು, ಕೇಳಿಸಿಕೊಳ್ಳಲು ಆಕೆ ಇರಲಿಲ್ಲ.

ಮೊಮ್ಮಗಳ ಇನ್ನೊಂದು ಗೆಜ್ಜೆ ಸೋಫಾದ ಕೆಳಗೆ ಸಿಕ್ಕಿತು. ನನ್ನ ಕಿವಿಯಲ್ಲಿ ಮಾತ್ರ ಇನ್ನೂ ಒಂದೇ ಕಾಲಿನ ಸಪ್ಪಳ.

ಕೊನೆಯ ಸಲ ಕಂಡಾಗ ಆಕೆ ಜೀಪಿನ ಹಿಂಬದಿಯಲ್ಲಿ ಅತ್ತೆಗೆ ಒರಗಿದ್ದಳು. ಬಲಗಾಲು ತೋರಿಸಿ, "ಬಂದ ಮ್ಯಾಲ... ಇದನ್ನೂ ಬಿಚ್ಚಿಸಬೇಕ್ರಿ ಅಕ್ಕಾರ. ಒಂದಕ್ಕ ಯಾಕ... ಶೋಕಿ" ಎಂದಳು. ಕೆನಾಲ್ ಸೇತುವೆಯ ಮೇಲೆ ಜೀಪು ಎಗರಿತು. ಛಲ್ ಎಂದದ್ದು ನಾನು ನಿಂತಲ್ಲಿಗೂ ಕೇಳಿಸಿತು.